ಅಣುಗಳ ನಂಟು

ಕಬ್ಬಿಣವಿಲ್ಲದೆ ರಕ್ತವಿಲ್ಲ. ಉಸಿರಿನೊಡನೆ ಒಳಹೊಕ್ಕ ಆಮ್ಲಜನಕವನ್ನು ದೇಹದ ಮೂಲೆಮೂಲೆಗೂ ಹೊತ್ತೊಯ್ಯುವ ಹೀಮೋಗ್ಲೋಬಿನ್ ತನ್ನ ಕೆಲಸವನ್ನು ಮಾಡುವುದು ತನ್ನೊಳಗಿನ ಕಬ್ಬಿಣದ ಪರಮಾಣುಗಳ ನೆರವಿನಿಂದ. ಆದರೆ ಇದೇ ಕಬ್ಬಿಣ ಜೀವಕೋಶದೊಳಗೆ ಹೇಳುವವರು ಕೇಳುವವರಿಲ್ಲದೆ ಅಲೆದಾಡಿದರೆ ವಿಷವಾಗುತ್ತದೆ. ಕೋಶದ ನವಿರಾದ ಅಂಗಗಳನ್ನು ಸುಡುತ್ತದೆ. ಆದುದರಿಂದ ಮಿಕ್ಕ ಕಬ್ಬಿಣವನ್ನು ಕೂಡಿಡಲು ಜೀವಕೋಶವು ಒಂದು ಕಣಜವನ್ನು ಕಟ್ಟಿಕೊಳ್ಳುತ್ತದೆ. ಫೆರಿಟಿನ್ ಎಂಬ ಪ್ರೋಟೀನೇ ಆ ಕಣಜ. ಇಪ್ಪತ್ತನಾಲ್ಕು ತುಣುಕುಗಳು ಒಂದಕ್ಕೊಂದು ಹೊಂದಿಕೊಂಡು ಒಂದು ಟೊಳ್ಳು ಗೋಳವಾಗುತ್ತವೆ. ಅದರ ಹೊಟ್ಟೆಯಲ್ಲಿ ಕಬ್ಬಿಣದ ಸುಮಾರು 4,500 ಪರಮಾಣುಗಳು ಹಿಡಿಯುತ್ತವೆ.

ಸುಗ್ಗಿಯ ಕಾಲದಲ್ಲಿ ಕಣಜ ಬೇಕು. ಬರಗಾಲದಲ್ಲಿ ಕಣಜ ಕಟ್ಟುತ್ತ ಕುಳಿತರೆ ಶ್ರಮವೂ ವ್ಯರ್ಥ, ಕೈಯಲ್ಲಿದ್ದ ನಾಲ್ಕು ಕಾಳೂ ಅದರೊಳಗೆ ಬಿದ್ದು ಉಪಯೋಗಕ್ಕೆ ಸಿಗದಂತಾಗುತ್ತವೆ. ಜೀವಕೋಶವು ಈ ತಪ್ಪನ್ನು ಮಾಡುವುದಿಲ್ಲ. ಕಬ್ಬಿಣ ಹೆಚ್ಚಿದಾಗ ಫೆರಿಟಿನ್ನನ್ನು ತಯಾರಿಸುತ್ತದೆ. ಕಡಿಮೆಯಾದಾಗ ತಯಾರಿಕೆಯನ್ನು ನಿಲ್ಲಿಸುತ್ತದೆ. ಕಣ್ಣಿಲ್ಲದ, ಬುದ್ಧಿಯಿಲ್ಲದ ಕೋಶಕ್ಕೆ ಈ ವಿವೇಕ ಎಲ್ಲಿಂದ ಬಂದಿತು?

ಇದನ್ನು ತಿಳಿಯಬೇಕಾದರೆ ಕೋಶದಲ್ಲಿ ಪ್ರೋಟೀನು ತಯಾರಾಗುವ ಬಗೆಯನ್ನು ಸ್ವಲ್ಪ ನೆನಪಿಗೆ ತಂದುಕೊಳ್ಳಬೇಕು. ಯಾವ ಪ್ರೋಟೀನನ್ನು ಹೇಗೆ ಕಟ್ಟಬೇಕೆಂಬ ಬರಹವೆಲ್ಲ ಡಿ.ಎನ್.ಎ.ಯಲ್ಲಿದೆ. ಈ ಮೂಲಗ್ರಂಥ ಕೋಶಕೇಂದ್ರವನ್ನು ಬಿಟ್ಟು ಹೊರಬರುವುದಿಲ್ಲ. ಬೇಕಾದ ಭಾಗದ ನಕಲು ಮಾತ್ರ ಆರ್.ಎನ್.ಎ. ಎಂಬ ಎಳೆಯ ರೂಪದಲ್ಲಿ ಹೊರಗೆ ಬರುತ್ತದೆ. ಸಂದೇಶವನ್ನು ಹೊತ್ತು ತರುವ ಈ ಎಳೆಯನ್ನು ಓಲೆಯೆಂದೇ ಕರೆಯಬಹುದು. ಎ, ಸಿ, ಜಿ, ಯು ಎಂಬ ನಾಲ್ಕೇ ಅಕ್ಷರಗಳಲ್ಲಿ ಓಲೆಯ ಬರಹವೆಲ್ಲ ಮುಗಿಯುತ್ತದೆ. ರೈಬೋಸೋಮ್ ಎಂಬ ಕಾರ್ಖಾನೆ ಓಲೆಯನ್ನು ಒಂದು ತುದಿಯಿಂದ ಓದುತ್ತ ಹೋಗಿ, ಅದರಂತೆ ಅಮೈನೋ ಆಮ್ಲಗಳನ್ನು ಒಂದಾದ ಮೇಲೊಂದು ಪೋಣಿಸುತ್ತದೆ. ಈ ಸರವೇ ಪ್ರೋಟೀನು. ಪ್ರೋಟೀನಿನ ಭಾಷೆಯಲ್ಲಿ ಅಕ್ಷರಗಳು ಇಪ್ಪತ್ತು.

ಫೆರಿಟಿನ್ನಿನ ಓಲೆಯಲ್ಲಿ ಒಂದು ವಿಶೇಷವಿರುವುದನ್ನು 1987ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿಕೊಟ್ಟರು. ಹುರಿಗೊಳಿಸಿದ ದಾರವನ್ನು ಸಡಿಲಬಿಟ್ಟರೆ ಅದು ತನ್ನ ಮೇಲೆ ತಾನೇ ಸುತ್ತಿಕೊಂಡು ತುದಿಯಲ್ಲಿ ಕುಣಿಕೆಯಾಗುತ್ತದೆ. ಈ ಓಲೆಯ ಮುಂಭಾಗದಲ್ಲಿ ಸುಮಾರು ಮೂವತ್ತು ಅಕ್ಷರಗಳು ಹಾಗೆಯೇ ಮಡಿಸಿಕೊಂಡಿವೆ. ಕುಣಿಕೆಯ ತುದಿಯಲ್ಲಿರುವ ಅಕ್ಷರಗಳು ಸಿ, ಎ, ಜಿ, ಯು, ಜಿ, ಯು. ಕಬ್ಬಿಣದ ಅಭಾವವಾದಾಗ ಒಂದು ಪ್ರೋಟೀನು ಬಂದು ಈ ಕುಣಿಕೆಯನ್ನು ಬಿಗಿಯಾಗಿ ಹಿಡಿಯುತ್ತದೆ. ಹಿಡಿದ ಮೇಲೆ ರೈಬೋಸೋಮಿಗೆ ಓದುವುದಕ್ಕೆ ಎಡೆಯೇ ಸಿಗುವುದಿಲ್ಲ. ಓಲೆ ಇದ್ದೂ ಕಣಜ ಏಳುವುದಿಲ್ಲ. ಕಬ್ಬಿಣ ಸಮೃದ್ಧವಾದಾಗ ಆ ಪ್ರೋಟೀನು ಹಿಡಿತವನ್ನು ಬಿಡುತ್ತದೆ, ಓದು ಮೊದಲಾಗುತ್ತದೆ. ಇದಕ್ಕಿಂತಲೂ ಸ್ವಾರಸ್ಯದ ಸಂಗತಿ ಇನ್ನೊಂದಿದೆ. ಹೊರಗಿನಿಂದ ಕಬ್ಬಿಣವನ್ನು ಕೋಶದೊಳಕ್ಕೆ ಬರಮಾಡಿಕೊಳ್ಳುವ ಪ್ರೋಟೀನೊಂದರ ಓಲೆಯ ಬಾಲದಲ್ಲಿಯೂ ಇಂಥ ಕುಣಿಕೆಗಳಿವೆ. ಅಲ್ಲಿ ಇದೇ ಹಿಡಿತವು ಓಲೆಯನ್ನು ತಡೆಯುವುದಿಲ್ಲ. ಬದಲಾಗಿ ಅದು ಹರಿದುಹೋಗದಂತೆ ಕಾಪಾಡುತ್ತದೆ. ಒಂದೇ ಕೈ ಬರಗಾಲದಲ್ಲಿ ಕಣಜದ ಕೆಲಸವನ್ನು ನಿಲ್ಲಿಸಿ, ಬಾಗಿಲನ್ನು ಅಗಲವಾಗಿ ತೆರೆಯುತ್ತದೆ.

ಕೋಶದ ವಿವೇಕವೆಂದದ್ದು ಇದೇ: ಒಂದು ಪ್ರೋಟೀನಿಗೂ ಒಂದು ಆರ್.ಎನ್.ಎ.ಗೂ ಇರುವ ನಂಟು. ಇಂಥ ನಂಟುಗಳು ಒಂದೆರಡಲ್ಲ. ಮನುಷ್ಯನಲ್ಲಿ ಪ್ರೋಟೀನಿನ ಬರಹವನ್ನು ಹೊತ್ತ ಜೀನುಗಳು ಸುಮಾರು 20,000. ಆರ್.ಎನ್.ಎ.ಯನ್ನು ಹಿಡಿಯುವ ಪ್ರೋಟೀನುಗಳೇ 1,500ಕ್ಕೂ ಮೇಲ್ಪಟ್ಟು ಇವೆಯೆಂದು 2014ರ ಎಣಿಕೆಯೊಂದು ತಿಳಿಸಿತು. ಜೀನಿಗೆ ಒಂದೇ ಓಲೆಯೆಂದು ಹಿಡಿದರೂ ಸಾಧ್ಯವಾದ ಜೋಡಿಗಳು ಮೂರು ಕೋಟಿಯಾಗುತ್ತವೆ. ಇವುಗಳಲ್ಲಿ ಯಾವುದು ನಿಜವಾದ ಜೋಡಿ, ಯಾವುದು ಅಲ್ಲ? ದಿನಕ್ಕೊಂದು ಜೋಡಿಯಂತೆ ಪ್ರಯೋಗಶಾಲೆಯಲ್ಲಿ ಪರೀಕ್ಷಿಸುತ್ತ ಹೋದರೆ ಎಂಬತ್ತೆರಡು ಸಾವಿರ ವರ್ಷಗಳು ಬೇಕು. ಅನೇಕ ನಂಟುಗಳನ್ನು ಒಟ್ಟಿಗೆ ಹಿಡಿಯುವ ಉಪಾಯಗಳೂ ಉಂಟು. ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾನಿಲಯದವರು 2003ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಅಂಗಾಂಶದ ಮೇಲೆ ನೇರಳಾತೀತ ಕಿರಣವನ್ನು ಬಿಟ್ಟರೆ, ಆ ಗಳಿಗೆಯಲ್ಲಿ ತಬ್ಬಿಕೊಂಡಿರುವ ಪ್ರೋಟೀನು ಮತ್ತು ಆರ್.ಎನ್.ಎ.ಗಳು ಬಿಡಿಸಲಾಗದಂತೆ ಬೆಸೆದುಕೊಳ್ಳುತ್ತವೆ. ಆಮೇಲೆ ಅವುಗಳನ್ನು ಹೆಕ್ಕಿ ತೆಗೆದು ಓದಬಹುದು. ಆದರೆ ಇದು ಖರ್ಚಿನ ಕೆಲಸ, ತಾಳ್ಮೆಯ ಕೆಲಸ. ಒಂದು ಸಲಕ್ಕೆ ಒಂದು ಪ್ರೋಟೀನಿನ ನಂಟರಷ್ಟೇ ಸಿಗುತ್ತಾರೆ.

ಇತ್ತ ಅಕ್ಷರಗಳನ್ನು ಓದುವ ಕೆಲಸವಾದರೋ ದಿನದಿಂದ ದಿನಕ್ಕೆ ಅಗ್ಗವಾಗುತ್ತ ಬಂದಿತು. ಸಾವಿರಾರು ಜೀವಿಗಳ ಪ್ರೋಟೀನುಗಳ ಮತ್ತು ಆರ್.ಎನ್.ಎ.ಗಳ ಅಕ್ಷರಮಾಲೆಗಳು ಯಾರು ಬೇಕಾದರೂ ನೋಡಬಹುದಾದ ಭಂಡಾರಗಳಲ್ಲಿ ತುಂಬಿಕೊಂಡಿವೆ. ಹಾಗಾದರೆ ಅಕ್ಷರಗಳನ್ನಷ್ಟೇ ನೋಡಿ ನಂಟನ್ನು ಊಹಿಸಬಹುದೆ? ಜಾತಕ ನೋಡಿ ಜೋಡಿ ಹೇಳಿದ ಹಾಗಾಯಿತಲ್ಲ ಎಂದು ಯಾರಾದರೂ ನಕ್ಕರೆ ಆಶ್ಚರ್ಯವಿಲ್ಲ. ವ್ಯತ್ಯಾಸವಿಷ್ಟೇ: ಈ ಊಹೆಯನ್ನು ಒರೆಗೆ ಹಚ್ಚಿ ನೋಡಬಹುದು, ಎಷ್ಟು ಸಲ ಸರಿಯಾಯಿತೆಂದು ಎಣಿಸಬಹುದು.

ಹಾಗೆ ಎಣಿಸಿ ತೋರಿಸಿದವರಲ್ಲಿ ಅಮೆರಿಕದ ಅಯೋವಾ ರಾಜ್ಯ ವಿಶ್ವವಿದ್ಯಾನಿಲಯದ ಮೂವರು ಸೇರುತ್ತಾರೆ: ಉಷಾ ಮುಪ್ಪಿರಾಲ, ವಸಂತ ಹೊನಾವರ್ ಮತ್ತು ಡ್ರೀನಾ ಡಾಬ್ಸ್. ಇವರಲ್ಲಿ ಹೊನಾವರ್ ಅವರು ಬೆಂಗಳೂರಿನ ಬಿ.ಎಂ.ಎಸ್. ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ 1982ರಲ್ಲಿ ಪದವಿ ಪಡೆದವರು. ಈ ಮೂವರು 2011ರಲ್ಲಿ ‘ಆರ್‌ಪಿಐಸೀಕ್’ ಎಂಬ ಗಣಕ ಸಾಧನವನ್ನು ಸಿದ್ಧಪಡಿಸಿ ಅಂತರಜಾಲದಲ್ಲಿ ಎಲ್ಲರ ಬಳಕೆಗೆ ಇಟ್ಟರು. ಬಳಸುವ ಬಗೆ ಬಹಳ ಸರಳವಾಗಿತ್ತು. ಪರದೆಯ ಮೇಲೆ ತೆರೆದ ಪುಟದಲ್ಲಿ ಪ್ರೋಟೀನಿನ ಅಕ್ಷರಮಾಲೆಯನ್ನು ಒಂದು ಕಡೆ, ಆರ್.ಎನ್.ಎ.ಯ ಅಕ್ಷರಮಾಲೆಯನ್ನು ಇನ್ನೊಂದು ಕಡೆ ತುಂಬಿ ಕಳುಹಿಸಿದರೆ ಸೊನ್ನೆಗೂ ಒಂದಕ್ಕೂ ನಡುವಿನ ಒಂದು ಅಂಕ ಉತ್ತರವಾಗಿ ಬರುತ್ತಿತ್ತು. ಅಂಕವು 0.5ನ್ನು ಮೀರಿದರೆ ನಂಟು ಇರಬಹುದು, ಮೀರದಿದ್ದರೆ ಇರಲಾರದು ಎಂದು ಅರ್ಥ. ಅಣುಗಳ ಆಕಾರವಾಗಲಿ, ಅವು ಕೋಶದ ಯಾವ ಭಾಗದಲ್ಲಿವೆಯೆಂಬುದಾಗಲಿ ಅದಕ್ಕೆ ಬೇಕಾಗಿರಲಿಲ್ಲ.

ಆ ಅಂಕ ಹುಟ್ಟುವ ರೀತಿ ಹೇಗೆ? ಗಣಕಯಂತ್ರಕ್ಕೆ ರಸಾಯನಶಾಸ್ತ್ರ ತಿಳಿಯದು. ಅದಕ್ಕೆ ತಿಳಿದಿರುವುದು ಎಣಿಕೆ. ಆದುದರಿಂದ ಅಕ್ಷರಮಾಲೆಯನ್ನು ಮೊದಲು ಎಣಿಕೆಯಾಗಿ ಮಾರ್ಪಡಿಸಬೇಕು. ಆರ್.ಎನ್.ಎ.ಯನ್ನು ಎಣಿಸುವುದು ಸುಲಭ. ನಾಲ್ಕು ಅಕ್ಷರಗಳಷ್ಟೇ ಕಾಣುವಂತೆ ಒಂದು ಕಿಂಡಿಯನ್ನು ಕೊರೆದ ರಟ್ಟನ್ನು ಓಲೆಯ ಮೇಲೆ ಇಟ್ಟು, ಒಂದೊಂದೇ ಅಕ್ಷರ ಮುಂದಕ್ಕೆ ಸರಿಸಿದಂತೆ ಭಾವಿಸಬೇಕು. ಮೇಲೆ ಹೇಳಿದ ಕುಣಿಕೆಯ ಆರು ಅಕ್ಷರಗಳ ಮೇಲೆ ಸರಿಸಿದರೆ ಮೊದಲು ಸಿ-ಎ-ಜಿ-ಯು ಕಾಣುತ್ತದೆ, ಅನಂತರ ಎ-ಜಿ-ಯು-ಜಿ, ಕೊನೆಗೆ ಜಿ-ಯು-ಜಿ-ಯು. ನಾಲ್ಕು ಅಕ್ಷರಗಳಿಂದ ಆಗಬಹುದಾದ ಇಂಥ ಚತುಷ್ಕಗಳು ಒಟ್ಟು 256. ಓಲೆಯಲ್ಲಿ ಯಾವ ಚತುಷ್ಕ ಎಷ್ಟು ಸಲ ಬಂದಿದೆ ಎಂದು ಬರೆದಿಟ್ಟುಕೊಂಡರೆ ಕೆಲಸ ಮುಗಿಯಿತು.

ಪ್ರೋಟೀನಿನಲ್ಲಿ ಇಪ್ಪತ್ತು ಅಕ್ಷರಗಳಿರುವುದರಿಂದ ಇದೇ ಕ್ರಮವನ್ನು ಅನುಸರಿಸಿದರೆ ಲೆಕ್ಕ ಬೆಟ್ಟವಾಗುತ್ತದೆ. ಇಲ್ಲಿ ಒಂದು ಜಾಣತನವಿದೆ. ಕನ್ನಡ ವರ್ಣಮಾಲೆಯಲ್ಲಿ ಕ, ಖ, ಗ, ಘ, ಙ ಎಂಬ ಐದನ್ನು ಒಂದು ವರ್ಗವೆಂದು ಎಣಿಸುವುದು ಅವು ಬಾಯೊಳಗೆ ಒಂದೇ ಸ್ಥಾನದಲ್ಲಿ ಹುಟ್ಟುವುದರಿಂದ. ಅಮೈನೋ ಆಮ್ಲಗಳಲ್ಲಿಯೂ ಸ್ವಭಾವದಿಂದ ಹತ್ತಿರವಾದವುಗಳುಂಟು. ಅವುಗಳಿಂದ ಕವಲೊಡೆದ ಗುಂಪಿನ ಗಾತ್ರವನ್ನೂ ವಿದ್ಯುತ್ ಗುಣವನ್ನೂ ನೋಡಿ ಇಪ್ಪತ್ತನ್ನು ಏಳು ವರ್ಗಗಳಾಗಿ ಮಾಡುವ ಪದ್ಧತಿಯನ್ನು 2007ರಲ್ಲಿ ಚೀನದ ಸಂಶೋಧಕರು ಪ್ರಕಟಿಸಿದ್ದರು. ಆರ್ಜಿನೀನ್, ಲೈಸೀನ್ ಎರಡೂ ಧನ ವಿದ್ಯುದಂಶವುಳ್ಳವು. ಅವೆರಡು ಒಂದು ವರ್ಗ. ಋಣ ವಿದ್ಯುದಂಶವುಳ್ಳ ಆಸ್ಪಾರ್ಟಿಕ್ ಮತ್ತು ಗ್ಲುಟಾಮಿಕ್ ಆಮ್ಲಗಳು ಇನ್ನೊಂದು ವರ್ಗ. ಸಿಸ್ಟೀನ್ ಎಂಬುದು ಯಾರೊಡನೆಯೂ ಸೇರದೆ ತಾನೇ ಒಂದು ವರ್ಗವಾಗಿ ನಿಂತಿದೆ. ಏಳು ವರ್ಗಗಳಾದ ಮೇಲೆ ಕಿಂಡಿಯನ್ನು ಮೂರು ಅಕ್ಷರಕ್ಕೆ ಕೊರೆದರೆ ಸಾಧ್ಯವಾದ ತ್ರಿಕಗಳು 343. ಇದಕ್ಕೆ ಆರ್.ಎನ್.ಎ.ಯ 256ನ್ನು ಕೂಡಿಸಿದರೆ 599. ಎಷ್ಟೇ ಉದ್ದದ ಜೋಡಿಯಾಗಲಿ, ಯಂತ್ರದ ಕಣ್ಣಿಗೆ ಅದು ಆರುನೂರಕ್ಕೆ ಒಂದು ಕಡಿಮೆಯಾದ ಸಂಖ್ಯೆಗಳ ಒಂದು ಪಟ್ಟಿ.

ಈ ಪಟ್ಟಿಯಿಂದ ನಂಟಿನ ಸುಳಿವು ಸಿಗುವುದೇಕೆ ಎಂಬುದನ್ನು ಒಂದು ಉದಾಹರಣೆಯಿಂದ ಊಹಿಸಬಹುದು. ಆರ್.ಎನ್.ಎ.ಯ ಬೆನ್ನೆಲುಬು ಫಾಸ್ಫೇಟಿನಿಂದ ಆದುದು. ಅದು ಉದ್ದಕ್ಕೂ ಋಣ ವಿದ್ಯುದಂಶವನ್ನು ಹೊತ್ತಿದೆ. ಧನವು ಋಣವನ್ನು ಸೆಳೆಯುವುದು ಪ್ರಕೃತಿಯ ನಿಯಮವಷ್ಟೆ. ಆದುದರಿಂದ ಆರ್ಜಿನೀನ್, ಲೈಸೀನ್‌ಗಳು ಒತ್ತಾಗಿ ಬರುವ ಪ್ರೋಟೀನು ಆರ್.ಎನ್.ಎ.ಯನ್ನು ಹಿಡಿಯುವ ಸಂಭವ ಹೆಚ್ಚು. ಇದನ್ನು ಯಾರೂ ಯಂತ್ರಕ್ಕೆ ಹೇಳಿಕೊಡಬೇಕಾಗಿಲ್ಲ. ಆ ವರ್ಗದ ತ್ರಿಕಗಳು ನಿಜವಾದ ಜೋಡಿಗಳಲ್ಲಿ ಮತ್ತೆ ಮತ್ತೆ ಬರುವುದನ್ನು ಎಣಿಸಿಯೇ ಅದು ಕಂಡುಕೊಳ್ಳಬಲ್ಲುದು.

ಹೀಗೆ ಕಂಡುಕೊಳ್ಳಲು ಬಳಸಿದ ವಿಧಾನಗಳು ಎರಡು. ಅವುಗಳಲ್ಲಿ ಒಂದಕ್ಕೆ, 2001ರಲ್ಲಿ ಅದನ್ನು ವಿವರಿಸಿದ ಲಿಯೋ ಬ್ರೈಮನ್ ಎಂಬ ಸಂಖ್ಯಾಶಾಸ್ತ್ರಜ್ಞರು ‘ಅರಣ್ಯ’ವೆಂದು ಹೆಸರಿಟ್ಟರು. ಹೆಸರು ಕೇಳಿ ಗಾಬರಿಯಾಗಬೇಕಾಗಿಲ್ಲ. ಅದನ್ನು ನಮ್ಮ ಪಂಚಾಯಿತಿಯೆಂದು ತಿಳಿದರೆ ಸಾಕು. ಕಟ್ಟೆಯ ಮೇಲೆ ಕುಳಿತ ಒಬ್ಬೊಬ್ಬ ಹಿರಿಯನೂ ಹಿಂದಿನ ವ್ಯಾಜ್ಯಗಳಲ್ಲಿ ಕೆಲವನ್ನು ಮಾತ್ರ ಕಂಡವನು. ಒಬ್ಬೊಬ್ಬನೂ ಕೆಲವೇ ಲಕ್ಷಣಗಳ ಮೇಲೆ ಕಣ್ಣಿಟ್ಟವನು. ಇಂಥ ತ್ರಿಕ ಹೆಚ್ಚಾಗಿದೆಯೆ, ಅಂಥ ಚತುಷ್ಕ ಕಡಿಮೆಯಾಗಿದೆಯೆ ಎಂದು ಒಂದರ ಮೇಲೊಂದು ಪ್ರಶ್ನೆ ಕೇಳಿ ಕೊನೆಗೆ ತನ್ನ ಮತವನ್ನು ಹೇಳುತ್ತಾನೆ. ಒಬ್ಬೊಬ್ಬನೂ ಎಡವಬಹುದು, ಆದರೆ ಎಲ್ಲರೂ ಒಂದೇ ಕಡೆಗೆ ಎಡವುವುದು ಅಪರೂಪ. ಮತಗಳು ಎಷ್ಟರಮಟ್ಟಿಗೆ ಒಂದು ಕಡೆ ಕೂಡಿದುವೆಂಬುದನ್ನೇ ಆ ಅಂಕ ತಿಳಿಸುತ್ತದೆ.

ಹಿರಿಯರಿಗೆ ಅನುಭವ ಬರಬೇಕಾದರೆ ಹಿಂದಿನ ವ್ಯಾಜ್ಯಗಳಿರಬೇಕಲ್ಲವೆ? ಅವು ಬಂದುದು ಪ್ರೋಟೀನುಗಳ ಆಕಾರಗಳನ್ನು 1971ರಿಂದ ಕೂಡಿಡುತ್ತ ಬಂದಿರುವ ಅಂತರರಾಷ್ಟ್ರೀಯ ದತ್ತಭಂಡಾರದಿಂದ. ಪ್ರೋಟೀನು ಮತ್ತು ಆರ್.ಎನ್.ಎ.ಗಳು ತಬ್ಬಿಕೊಂಡಿರುವ ಸ್ಥಿತಿಯಲ್ಲೇ ಚಿತ್ರಿತವಾದ 2,241 ಜೋಡಿಗಳನ್ನು ಅಯೋವಾದವರು ಅದರಿಂದ ಆಯ್ದುಕೊಂಡರು. ಇವುಗಳಲ್ಲಿ ಪರೀಕ್ಷಿಸಿದಾಗ ಯಂತ್ರದ ಉತ್ತರ ನೂರಕ್ಕೆ ಸುಮಾರು ತೊಂಬತ್ತು ಸಲ ಸರಿಯಾಯಿತು. ಕೇಳುವುದಕ್ಕೆ ಇದು ಬಹು ದೊಡ್ಡ ಯಶಸ್ಸು. ಆದರೆ ಸಂಶೋಧಕರು ಇಷ್ಟಕ್ಕೇ ಹಿಗ್ಗಲಿಲ್ಲ. ರೈಬೋಸೋಮ್ ಎಂಬುದು ಪ್ರೋಟೀನು ಮತ್ತು ಆರ್.ಎನ್.ಎ.ಗಳು ಹೆಣೆದುಕೊಂಡೇ ಆದ ವಸ್ತು. ಅದರ ಜೋಡಿಗಳು ಪಟ್ಟಿಯಲ್ಲಿ ಸೇರಿದ್ದುವು. ಒಂದೇ ಮನೆತನದ ಮುಖಗಳನ್ನು ಗುರುತಿಸಲು ಕಲಿತವನು ಊರಿನವರನ್ನೆಲ್ಲ ಬಲ್ಲೆನೆಂದು ಹೇಳಬಹುದೆ? ಅವರು ರೈಬೋಸೋಮಿಗೆ ಸೇರಿದುದನ್ನೆಲ್ಲ ಬಿಟ್ಟು 369 ಜೋಡಿಗಳ ಬೇರೊಂದು ಪಟ್ಟಿಯನ್ನು ಮಾಡಿ ಪರೀಕ್ಷಿಸಿದರು. ಆಗ ಸರಿಯಾದುದು ನೂರಕ್ಕೆ ಸುಮಾರು ಎಪ್ಪತ್ತಾರು. ಈ ಎರಡನೆಯ ಅಂಕಿಯನ್ನೂ ಮುಚ್ಚಿಡದೆ ಪ್ರಕಟಿಸಿದುದು ಮೊದಲನೆಯದಕ್ಕಿಂತ ಹೆಚ್ಚು ಮೆಚ್ಚಬೇಕಾದ ಮಾತು.

ಇನ್ನೊಂದು ತೊಡಕು ಇದಕ್ಕಿಂತ ಆಳವಾದುದು. ಯಂತ್ರಕ್ಕೆ ನಂಟಿರುವ ಜೋಡಿಗಳನ್ನು ತೋರಿಸಿದಂತೆ ನಂಟಿಲ್ಲದ ಜೋಡಿಗಳನ್ನೂ ತೋರಿಸಬೇಕು. ಇಲ್ಲದಿದ್ದರೆ ಅದು ಎಲ್ಲಕ್ಕೂ ಹೌದೆನ್ನುತ್ತದೆ. ಆದರೆ ನಂಟಿಲ್ಲದವುಗಳನ್ನು ತರುವುದು ಎಲ್ಲಿಂದ? ಮದುವೆಯಾದವರ ಹೆಸರನ್ನು ಬರೆದಿಡುವ ಕಛೇರಿಯುಂಟು; ಯಾರು ಯಾರನ್ನು ಮದುವೆಯಾಗಲಿಲ್ಲವೆಂದು ಬರೆದಿಡುವ ಕಛೇರಿ ಲೋಕದಲ್ಲಿಲ್ಲ. ಇವೆರಡು ಒಂದನ್ನೊಂದು ಹಿಡಿಯುವುದಿಲ್ಲವೆಂದು ಸಾಧಿಸಲು ಯಾವ ವಿಜ್ಞಾನಿಯೂ ವರ್ಷಗಟ್ಟಲೆ ದುಡಿಯುವುದಿಲ್ಲ. ದುಡಿದರೂ ಅದನ್ನು ಪ್ರಕಟಿಸುವವರು ವಿರಳ. ಆದುದರಿಂದ ಯಾವುದೋ ಪ್ರೋಟೀನಿಗೆ ಯಾವುದೋ ಆರ್.ಎನ್.ಎ.ಯನ್ನು ಕಣ್ಣುಮುಚ್ಚಿ ಗಂಟುಹಾಕಿ, ಗೊತ್ತಿರುವ ಜೋಡಿಗಳನ್ನು ಅದರಿಂದ ತೆಗೆದುಹಾಕಿ, ಉಳಿದುದನ್ನು ‘ನಂಟಿಲ್ಲದ್ದು’ ಎಂದು ಕರೆಯುವ ರೂಢಿ ಬೆಳೆದಿದೆ. ಅವುಗಳ ನಡುವೆ ಇನ್ನೂ ಯಾರ ಕಣ್ಣಿಗೂ ಬೀಳದ ನಿಜವಾದ ನಂಟುಗಳು ಅಡಗಿದ್ದರೆ, ಯಂತ್ರವು ಸರಿಯನ್ನೇ ತಪ್ಪೆಂದು ಕಲಿತಂತಾಯಿತು.

ಈಗ ಕಬ್ಬಿಣದ ಕಥೆಗೆ ಮರಳಬಹುದು. ಕುಣಿಕೆಯನ್ನು ಹಿಡಿಯುವ ಪ್ರೋಟೀನಿನಲ್ಲಿ 889 ಅಮೈನೋ ಆಮ್ಲಗಳಿವೆ. ಕೋಶದಲ್ಲಿ ಕಬ್ಬಿಣ ಸಾಕಷ್ಟಿದ್ದಾಗ ಕಬ್ಬಿಣ ಮತ್ತು ಗಂಧಕದ ಒಂದು ಪುಟ್ಟ ಗೊಂಚಲು ಇದರ ನಡುವೆ ಬಂದು ಕೂರುತ್ತದೆ. ಆಗ ಅದು ಓಲೆಯ ಗೊಡವೆಯನ್ನು ಬಿಟ್ಟು, ಸಿಟ್ರಿಕ್ ಆಮ್ಲವನ್ನು ಮಾರ್ಪಡಿಸುವ ಕಿಣ್ವವಾಗಿ ದುಡಿಯುತ್ತದೆ. ಗೊಂಚಲು ಕಳಚಿದಾಗ ಪ್ರೋಟೀನು ಬಾಯಿ ತೆರೆದಂತೆ ಅರಳಿ ಓಲೆಯ ಕುಣಿಕೆಯನ್ನು ಹಿಡಿಯುತ್ತದೆ. ಹಿಡಿದಿರುವ ಆ ಭಂಗಿಯ ಚಿತ್ರ 2006ರಲ್ಲಿ ದೊರೆಯಿತು. ಎರಡು ಸ್ಥಿತಿಗಳಲ್ಲಿಯೂ ಅಕ್ಷರಮಾಲೆ ಒಂದೇ. ಆದುದರಿಂದ ಅಕ್ಷರಗಳನ್ನಷ್ಟೇ ಎಣಿಸುವ ಯಂತ್ರವು ಸುಗ್ಗಿಗೂ ಬರಗಾಲಕ್ಕೂ ಒಂದೇ ಅಂಕವನ್ನು ಕೊಡಬೇಕಾಗುತ್ತದೆ. ನಂಟು ಸಾಧ್ಯವೆ ಎಂಬ ಪ್ರಶ್ನೆಗೆ ಅದು ಉತ್ತರಿಸಬಲ್ಲುದು. ಯಾವಾಗ ಎಂಬ ಪ್ರಶ್ನೆ ಅದರ ಕಿವಿಗೆ ಬೀಳುವುದೇ ಇಲ್ಲ. 0.9 ಎಂಬ ಅಂಕವನ್ನು ಕಂಡು ಹಿಡಿತವು ಬಹಳ ಬಿಗಿಯಾಗಿದೆಯೆಂದು ತಿಳಿಯುವುದೂ ಹೀಗೆಯೇ ತಪ್ಪಾಗುತ್ತದೆ. ಅದು ಪಂಚಾಯಿತಿಯ ಒಮ್ಮತದ ಅಳತೆಯೇ ಹೊರತು ಹಿಡಿತದ ಅಳತೆಯಲ್ಲ.

ಫ್ರಾನ್ಸಿನ ಸಂಶೋಧಕರು 1995ರಲ್ಲಿ ಒಂದು ಕುಟುಂಬದ ವಿಷಯವನ್ನು ಪ್ರಕಟಿಸಿದರು. ಆ ಮನೆತನದಲ್ಲಿ ಕಣ್ಣಿನ ಪೊರೆ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುತ್ತಿತ್ತು. ಪೊರೆಯುಳ್ಳವರ ರಕ್ತದಲ್ಲಿ ಫೆರಿಟಿನ್ ವಿಪರೀತವಾಗಿತ್ತು. ಆದರೂ ದೇಹದಲ್ಲಿ ಕಬ್ಬಿಣ ಹೆಚ್ಚಾಗಿರಲಿಲ್ಲ. ಫೆರಿಟಿನ್ನಿನಲ್ಲಿ ಎರಡು ಬಗೆಯ ತುಣುಕುಗಳಿವೆ. ಅವುಗಳಲ್ಲಿ ಹಗುರವಾದ ತುಣುಕಿನ ಓಲೆಯನ್ನು ಓದಿದಾಗ ಕಾರಣ ತಿಳಿಯಿತು. ಕುಣಿಕೆಯ ತುದಿಯ ಆರು ಅಕ್ಷರಗಳಲ್ಲಿ ಎರಡನೆಯದಾದ ಎ ಇರಬೇಕಾದಲ್ಲಿ ಜಿ ಬಂದಿತ್ತು. ಒಂದೇ ಒಂದು ಅಕ್ಷರ! ಆದರೆ ಅದರಿಂದ ಪ್ರೋಟೀನಿನ ಹಿಡಿತ ತಪ್ಪಿತು. ತಡೆಯುವವರಿಲ್ಲದೆ ಆ ತುಣುಕು ಹಗಲಿರುಳು ತಯಾರಾಗುತ್ತ ಹೋಗಿ ಕಣ್ಣಿನ ಮಸೂರದಲ್ಲಿಯೂ ತುಂಬಿಕೊಂಡಿತು. ಇಂಥ ರೋಗಿಗಳ ಫೆರಿಟಿನ್ ಪ್ರಮಾಣವನ್ನು ಕಂಡು, ಕಬ್ಬಿಣ ಅತಿಯಾಗಿದೆಯೆಂದು ಭ್ರಮಿಸಿ, ವೈದ್ಯರು ರಕ್ತವನ್ನು ತೆಗೆಸಿದುದೂ ಉಂಟು. ಕಬ್ಬಿಣ ಮಿತವಾಗಿಯೇ ಇದ್ದ ದೇಹ ಅದರಿಂದ ರಕ್ತಹೀನತೆಗೆ ಗುರಿಯಾಗುತ್ತಿತ್ತು.

ಈ ಓಲೆಯಲ್ಲಿರುವ ಅಕ್ಷರಗಳು ಎಂಟುನೂರಕ್ಕೂ ಹೆಚ್ಚು. ಕಿಂಡಿಯನ್ನು ಕೊನೆಯವರೆಗೆ ಸರಿಸಿದರೆ ಕಾಣುವ ಚತುಷ್ಕಗಳೂ ಹೆಚ್ಚು ಕಡಿಮೆ ಅಷ್ಟೇ. ಒಂದು ಅಕ್ಷರ ಬದಲಾದರೆ ಅವುಗಳಲ್ಲಿ ಬದಲಾಗುವುದು ನಾಲ್ಕು ಮಾತ್ರ. ಎಂಟುನೂರರಲ್ಲಿ ನಾಲ್ಕು! ಎಣಿಕೆಯ ಪಟ್ಟಿಯಲ್ಲಿ ಇದು ಸಮುದ್ರಕ್ಕೆ ಸುರಿದ ಒಂದು ಚೊಂಬು ನೀರು. ಅಲ್ಲದೆ ಆ ಅಕ್ಷರ ಕುಣಿಕೆಯ ತುದಿಯಲ್ಲಿದ್ದರೂ ಓಲೆಯ ಬಾಲದಲ್ಲಿದ್ದರೂ ಯಂತ್ರಕ್ಕೆ ಒಂದೇ. ಅದು ಎಷ್ಟು ಎಂದು ಕೇಳುತ್ತದೆಯೇ ಹೊರತು ಎಲ್ಲಿ ಎಂದು ಕೇಳುವುದಿಲ್ಲ. ದೇಹಕ್ಕೆ ಮಾತ್ರ ‘ಎಲ್ಲಿ’ ಎಂಬುದರ ಮೇಲೆಯೇ ದೃಷ್ಟಿ ನಿಂತಿದೆ.

ಹಾಗೆಂದು ಇಂಥ ಸಾಧನಗಳು ನಿಷ್ಪ್ರಯೋಜಕವಲ್ಲ. ಹೊಸದಾಗಿ ಕಂಡ ಆರ್.ಎನ್.ಎ.ಯೊಂದನ್ನು ಎದುರಿಗಿಟ್ಟುಕೊಂಡು, 1,500 ಪ್ರೋಟೀನುಗಳಲ್ಲಿ ಮೊದಲು ಯಾವುದನ್ನು ಪರೀಕ್ಷಿಸಲೆಂದು ತೋಚದೆ ಕುಳಿತವನಿಗೆ, ಅಂಕದ ಕ್ರಮದಲ್ಲಿ ಮೊದಲ ಇಪ್ಪತ್ತು ಹೆಸರುಗಳು ಸಿಕ್ಕರೆ ಅದೇ ದೊಡ್ಡ ಉಪಕಾರ. ಇಪ್ಪತ್ತರಲ್ಲಿ ಹಲವು ಸುಳ್ಳಾಗಬಹುದು. ಆದರೂ ಸಾವಿರದ ಐನೂರನ್ನು ಹುಡುಕುವ ಕಷ್ಟ ತಪ್ಪಿತು. ಇದೇ 2011ರಲ್ಲಿ ಸ್ಪೇನಿನ ಬಾರ್ಸಿಲೋನಾದಲ್ಲಿ ಸಿದ್ಧವಾದ ‘ಕ್ಯಾಟ್‌ರ‍್ಯಾಪಿಡ್’ ಎಂಬ ಸಾಧನವು ಬರಿಯ ಎಣಿಕೆಗೆ ನಿಲ್ಲದೆ, ಅಕ್ಷರಗಳಿಂದ ಎಳೆಯ ಮಡಿಕೆಗಳನ್ನೂ ಜಲಜನಕದ ಬಂಧಗಳಾಗುವ ಒಲವನ್ನೂ ಅಂದಾಜು ಮಾಡಿ ಲೆಕ್ಕಕ್ಕೆ ಸೇರಿಸಿಕೊಂಡಿತು. ಗೂಗಲ್ ಡೀಪ್‌ಮೈಂಡ್ ಸಂಸ್ಥೆ 2024ರಲ್ಲಿ ಪ್ರಕಟಿಸಿದ ‘ಆಲ್ಫಾಫೋಲ್ಡ್ 3’ ಇನ್ನೂ ಮುಂದಕ್ಕೆ ಹೋಗಿ, ಪ್ರೋಟೀನು ಮತ್ತು ಆರ್.ಎನ್.ಎ.ಗಳು ಕೂಡಿದಾಗ ತಳೆಯುವ ಆಕಾರವನ್ನೇ ಚಿತ್ರಿಸಿ ಕೊಡುತ್ತದೆ. ಚಿತ್ರದ ಯಾವ ಭಾಗವನ್ನು ಎಷ್ಟು ನಂಬಬಹುದೆಂಬುದನ್ನೂ ಜೊತೆಗೆ ತಿಳಿಸುತ್ತದೆ. ಅದು ಕಲಿತದ್ದೂ ಬಹುಮಟ್ಟಿಗೆ ಆ ಹಳೆಯ ದತ್ತಭಂಡಾರದಿಂದಲೇ. ಅಲ್ಲಿ ಪ್ರೋಟೀನುಗಳ ಚಿತ್ರಗಳು ಹೇರಳ, ಆರ್.ಎನ್.ಎ.ಯವು ವಿರಳ. ಆದುದರಿಂದ ಆರ್.ಎನ್.ಎ.ಯ ವಿಷಯದಲ್ಲಿ ಅದರ ಕೈ ಅಷ್ಟು ಪಳಗಿಲ್ಲ.

ಅಂಕವನ್ನು ಪಡೆದವನು ಮುಂದೆ ಪ್ರಯೋಗಶಾಲೆಗೆ ಹೋಗಬೇಕು. ಅಲ್ಲಿ ಮಾಡುವ ಪರೀಕ್ಷೆಗಳಲ್ಲಿ ಒಂದು ಬಹಳ ಸರಳವಾದುದು. ಗುರುತು ಹಚ್ಚಿದ ಆರ್.ಎನ್.ಎ.ಯನ್ನು ಎರಡು ಪಾಲು ಮಾಡಿ, ಒಂದು ಪಾಲನ್ನು ಹಾಗೆಯೇ ಬಿಟ್ಟು, ಇನ್ನೊಂದಕ್ಕೆ ಪ್ರೋಟೀನನ್ನು ಬೆರೆಸುತ್ತಾರೆ. ಎರಡನ್ನೂ ಒಂದು ಬಗೆಯ ಗಂಜಿಯಂಥ ಪದರದ ಅಂಚಿನಲ್ಲಿ ಅಕ್ಕಪಕ್ಕಕ್ಕೆ ಹಾಕಿ ವಿದ್ಯುತ್ತನ್ನು ಹರಿಸುತ್ತಾರೆ. ಒಂಟಿಯಾದ ಆರ್.ಎನ್.ಎ. ಪದರದೊಳಗೆ ನುಸುಳಿಕೊಂಡು ಮುಂದೆ ಓಡುತ್ತದೆ. ಪ್ರೋಟೀನಿನ ಹಿಡಿತಕ್ಕೆ ಸಿಕ್ಕಿದುದು ಅದರ ಭಾರವನ್ನೆಳೆಯುತ್ತ ಹಿಂದೆ ಉಳಿಯುತ್ತದೆ. ಫೆರಿಟಿನ್ನಿನ ಓಲೆಯನ್ನು ಒಂದು ಪ್ರೋಟೀನು ಹಿಡಿಯುತ್ತದೆಂದು 1988ರಲ್ಲಿ ತೋರಿಸಿದುದು ಇದೇ ಪರೀಕ್ಷೆ: ಪದರದ ಮೇಲೆ ಮುಂದೊಂದು ಪಟ್ಟೆ, ಹಿಂದೊಂದು ಪಟ್ಟೆ.